ಲಿಂಬೆಯ ಸೀಮೆಯಲ್ಲಿ ಮೂರರ ಹದ

ವಿಜಯಪುರದ ಗೋಳಗುಮ್ಮಟವನ್ನು ಹಿಂದೆ ಬಿಟ್ಟು ಸೊಲ್ಲಾಪುರದ ಹೆದ್ದಾರಿಯಲ್ಲಿ ಉತ್ತರಾಭಿಮುಖವಾಗಿ ಹೊರಟ ಪ್ರವಾಸಿಯ ಕಣ್ಣಿಗೆ ಮೊದಲು ಬೀಳುವುದು ಬಯಲು, ಬರಿಯ ಬಯಲು. ಎರೆಹೊಲದಲ್ಲಿ ಬಿಳಿಜೋಳ, ಅದರಾಚೆ ತೊಗರಿ, ಅಲ್ಲೊಂದು ಇಲ್ಲೊಂದು ಬೇವಿನ ಮರ, ಅದರ ನೆರಳಿಗೆ ನಿಂತ ಎತ್ತಿನ ಜೋಡಿ. ಮಳೆ ಇಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ವರ್ಷವೊಂದಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಇಂಥ ಒಣಸೀಮೆಯಲ್ಲಿ ಝಳಕಿಯ ಸುತ್ತುಮುತ್ತ, ಇಂಡಿ-ಚಡಚಣಗಳ ಕಡೆಗೆ ದಾರಿ ಕವಲೊಡೆಯುವ ಹೊತ್ತಿಗೆ, ನೋಟ ಒಮ್ಮೆಲೇ ಬದಲಾಗುತ್ತದೆ. ಮಡ್ಡಿಯ ನೆಲದ ಮೇಲೆ ಸಾಲು ಹಿಡಿದು ನಿಂತ, ಆಳೆತ್ತರಕ್ಕಿಂತ ತುಸು ಮೇಲಾದ, ಕಡುಹಸಿರು ಗಿಡಗಳು. ಗಾಳಿ ಬೀಸಿದರೆ ಸಾಕು, ಪರಿಮಳವೇ ಅವುಗಳ ಹೆಸರು ಹೇಳುತ್ತದೆ. ಅದು ಲಿಂಬೆ. ಈ ಸೀಮೆಯ ಬಾಯಲ್ಲಿ 'ಲಿಂಬಿ.'

ಹಲಸಂಗಿ ಇರುವುದು ಈ ಲಿಂಬೆಯ ಸೀಮೆಯಲ್ಲಿ. ಹಿಂದೆ ಇಂಡಿ ತಾಲೂಕಿಗೆ ಸೇರಿದ್ದ ಈ ಹಳ್ಳಿ ಈಗ ಚಡಚಣ ತಾಲೂಕಿನದು. ಉತ್ತರಕ್ಕೆ ಭೀಮೆ ಹರಿಯುತ್ತಾಳೆ. ಅವಳ ಆಚೆಯ ದಡ ಮಹಾರಾಷ್ಟ್ರ. ಗಡಿಯ ಊರಾದ್ದರಿಂದ ಮಾತಿನಲ್ಲಿ ಮರಾಠಿಯ ಸೊಗಡು ಸ್ವಲ್ಪ ಬೆರೆತಿದೆ. ಆದರೆ ಕನ್ನಡಕ್ಕೆ ಈ ಊರು ಕೊಟ್ಟ ಕಾಣಿಕೆ ದೊಡ್ಡ ನಗರಗಳೂ ತಲೆದೂಗುವಂಥದು. ಮಧುರಚೆನ್ನರೆಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿ (1903-1953), ಸಿಂಪಿ ಲಿಂಗಣ್ಣ (1905-1993), ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಮೊದಲಾದವರು 'ಹಲಸಂಗಿಯ ಗೆಳೆಯರು' ಎಂದೇ ನಾಡಿಗೆ ಪರಿಚಿತರು. ಬೆಳಗಿನ ಜಾವದಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು ತಮ್ಮಷ್ಟಕ್ಕೆ ತಾವು ಹಾಡಿಕೊಳ್ಳುತ್ತಿದ್ದ ಹಾಡುಗಳಿಗೆ ಬೆಲೆಯುಂಟೆಂದು ಆ ಕಾಲದಲ್ಲಿ ಭಾವಿಸಿದವರು ವಿರಳ. ಈ ಗೆಳೆಯರು ಅವನ್ನು ಕಿವಿಗೊಟ್ಟು ಕೇಳಿದರು, ಬರೆದುಕೊಂಡರು, 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು. ಮುಂದೆ 'ಜೀವನ ಸಂಗೀತ', 'ಮಲ್ಲಿಗೆ ದಂಡೆ' ಎಂಬ ಸಂಗ್ರಹಗಳು ಬಂದವು. ಮನೆಯೊಳಗೇ ಇದ್ದು ಮನೆಯವರ ಕಣ್ಣಿಗೆ ಬೀಳದಿದ್ದ ಸಂಪತ್ತು ಹೀಗೆ ನಾಡಿನ ಸಂಪತ್ತಾಯಿತು.

ಗರತಿಯ ಹಾಡಿನ ಜೀವಾಳ ತ್ರಿಪದಿ. ಮೂರೇ ಸಾಲು, ಅದರಲ್ಲಿ ಒಂದು ಹೆಚ್ಚಾಗಲಿಲ್ಲ, ಒಂದು ಕಡಿಮೆಯಾಗಲಿಲ್ಲ. ಹಳೆಯ ವಿಜಾಪುರ ಜಿಲ್ಲೆಗೇ ಸೇರಿದ್ದ ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನವನ್ನು ಕಂಡರಿಸಿದ ಕಾಲದಿಂದಲೂ ಈ ನೆಲಕ್ಕೆ ಮೂರರ ಹದ ಗೊತ್ತು. ಆ ಹದದ ಮಾತು ಇಲ್ಲಿ ಏಕೆ ಬಂತೆಂದರೆ, ಭೂಮಿಯ ಇನ್ನೊಂದು ಮಗ್ಗುಲಿನ ಒಂದು ದ್ವೀಪದಲ್ಲಿ ಮೂರೇ ಪದಾರ್ಥಗಳಿಂದ ಹುಟ್ಟಿ ಲೋಕವನ್ನೆಲ್ಲ ಸುತ್ತಿದ ಒಂದು ಪಾನೀಯವುಂಟು. ಅದರ ಹೆಸರು ಡೈಕಿರಿ. ರಮ್, ಸಕ್ಕರೆ, ಲಿಂಬೆಯ ರಸ: ಇಷ್ಟೇ ಅದರ ಬಂಡವಾಳ. ಇಷ್ಟರಲ್ಲಿ ಎರಡು ಹಲಸಂಗಿಯ ಯಾವ ಅಡಿಗೆಮನೆಯಲ್ಲಾದರೂ ಸಿಕ್ಕುತ್ತವೆ. ಮೂರನೆಯದು ಮಾತ್ರ ಅಡಿಗೆಮನೆಯ ಹೊಸ್ತಿಲಲ್ಲೇ ಜಗಳ ತೆಗೆಯುತ್ತದೆ.

ಆ ಜಗಳವನ್ನು ಕಾಣಬೇಕಾದರೆ ವಾಚಕರು ಇಂಥ ಊರಿನ ಒಂದು ಮನೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಇದು ಯಾವುದೇ ಒಂದು ಮನೆಯ ವೃತ್ತಾಂತವಲ್ಲ. ಲಿಂಬೆಯ ಸೀಮೆಯ ಹಲವು ಮನೆಗಳಲ್ಲಿ ನಡೆಯಬಹುದಾದದ್ದು. ಚೈತ್ರದ ಬಿಸಿಲು ಇಳಿಯುವ ಹೊತ್ತು. ತಂದೆ ಎರಡೆಕರೆ ಲಿಂಬೆಯ ತೋಟದ ಒಡೆಯ. ತಾಯಿ ಪಡಸಾಲೆಯಲ್ಲಿ ಕುಳಿತು ಆ ದಿನದ ಹಣ್ಣನ್ನು ದಪ್ಪ-ಸಣ್ಣ, ಹಸಿರು-ಹಳದಿ ಎಂದು ಬೇರ್ಪಡಿಸುತ್ತಿದ್ದಾಳೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಯುಗಾದಿಗೆಂದು ಬಂದವನು ಇನ್ನೂ ಮರಳಿಲ್ಲ.

"ಯವ್ವಾ, ನಾಕ ಲಿಂಬಿಕಾಯಿ ಕೊಡ."

"ಯಾಕಪಾ, ಶರಬತ್ ಬೇಕೇನ? ನೀ ಸುಮ್ನ ಕೂಡ, ನಾ ಮಾಡಿ ಕೊಡ್ತೀನಿ."

"ಇದು ಬ್ಯಾರೆ ಶರಬತ್ತ ಯವ್ವಾ. ಇದರಾಗ ರಮ್ ಹಾಕ್ತಾರ."

"ರಮ್ ಅಂದ್ರ? ಶೆರೆ ಏನ?"

ತಾಯಿಯ ಕೈ ಹಣ್ಣಿನ ರಾಶಿಯ ಮೇಲೆ ಹಾಗೆಯೇ ನಿಂತಿತು. ತಂದೆ ಬಾಯಿ ತೆರೆಯಲಿಲ್ಲ. ಆದರೆ ಕೈಯಲ್ಲಿದ್ದ ಚೀಲದ ದಾರವನ್ನು ಕಟ್ಟುವುದು ಬಿಟ್ಟು ಮಗನ ಮುಖವನ್ನೇ ನೋಡಿದ. ಆ ನೋಟಕ್ಕೆ ಉತ್ತರವಾಗಿ ಮಗ ಆ ಪಾನೀಯದ ಕಥೆಯನ್ನೇ ಹೇಳಬೇಕಾಯಿತು.

ಕಥೆ ಹುಟ್ಟುವುದು ಕ್ಯೂಬಾ ದ್ವೀಪದ ಆಗ್ನೇಯ ಮೂಲೆಯಲ್ಲಿ, ಸಾಂತಿಯಾಗೊ ನಗರದ ಹತ್ತಿರ. ಅಲ್ಲಿ ಸಮುದ್ರತೀರದಲ್ಲಿ ಡೈಕಿರಿ ಎಂಬ ಒಂದು ಸಣ್ಣ ಊರಿದೆ. 1898ರ ಜೂನ್ ತಿಂಗಳಲ್ಲಿ, ಸ್ಪೇನ್ ದೇಶದೊಡನೆ ಯುದ್ಧ ನಡೆದಾಗ, ಅಮೆರಿಕದ ಸೈನ್ಯ ದಡ ಹತ್ತಿದ್ದು ಅಲ್ಲಿಯೇ. ಆ ಸುತ್ತಿನ ಕಬ್ಬಿಣದ ಗಣಿಗಳಲ್ಲಿ ಜೆನ್ನಿಂಗ್ಸ್ ಕಾಕ್ಸ್ ಎಂಬ ಅಮೆರಿಕನ್ ಎಂಜಿನಿಯರನಿದ್ದ. ಅತಿಥಿಗಳು ಬಂದಾಗ ಮನೆಯಲ್ಲಿದ್ದ ಜಿನ್ ಮುಗಿದುಹೋಗಿ, ಆತ ಕೈಗೆ ಸಿಕ್ಕ ಸ್ಥಳೀಯ ರಮ್ಮಿಗೆ ಲಿಂಬೆರಸವನ್ನೂ ಸಕ್ಕರೆಯನ್ನೂ ಬೆರೆಸಿ ಕೊಟ್ಟನೆಂದು ಹೇಳುತ್ತಾರೆ. ಊರಿನ ಹೆಸರೇ ಪಾನೀಯದ ಹೆಸರಾಯಿತು. 1909ರ ಹೊತ್ತಿಗೆ ಅದು ವಾಷಿಂಗ್ಟನ್ನಿನ ಸೇನಾಧಿಕಾರಿಗಳ ಕ್ಲಬ್ಬನ್ನು ತಲುಪಿತೆಂದೂ ಪ್ರತೀತಿಯಿದೆ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿರೋಧವಿದ್ದಾಗ ಬಾಯಾರಿದ ಅಮೆರಿಕನ್ನರು ಸಮುದ್ರ ದಾಟಿ ಹವಾನಾ ನಗರಕ್ಕೆ ಮುಗಿಬಿದ್ದರು. ಅಲ್ಲಿಯ 'ಎಲ್ ಫ್ಲೊರಿಡಿಟಾ' ಎಂಬ ಪಾನಗೃಹದಲ್ಲಿ ಡೈಕಿರಿ ಕೀರ್ತಿಶಿಖರವನ್ನೇರಿತು. ಅರ್ನೆಸ್ಟ್ ಹೆಮಿಂಗ್ವೆಯಂಥ ಪ್ರಖ್ಯಾತ ಕಾದಂಬರಿಕಾರನೂ ಅಲ್ಲಿಯ ಗಿರಾಕಿಯಾಗಿದ್ದ.

ಆದರೆ ಕಾಕ್ಸನ ಕೈಗೆ ಆ ಹಣ್ಣು ಎಲ್ಲಿಂದ ಬಂತು? ಕ್ಯೂಬಾ ಲಿಂಬೆಯ ತವರಲ್ಲ, ಕಬ್ಬಿನ ತವರೂ ಅಲ್ಲ. ಎರಡೂ ಪೂರ್ವದೇಶದ ಸಂತಾನ. ಲಿಂಬೆಯು ಏಷ್ಯಾ ಖಂಡದಿಂದ ಪರ್ಷಿಯನ್ನರ, ಅರಬರ ಕೈ ಹಿಡಿದು ಮೆಡಿಟರೇನಿಯನ್ ದಡಕ್ಕೆ ನಡೆಯಿತು. ನಮ್ಮ ನಿಂಬು ಪರ್ಷಿಯದಲ್ಲಿ 'ಲೀಮೂ' ಆಗಿ, ಅರಬರಲ್ಲಿ 'ಲೀಮಾ' ಆಗಿ, ಇಂಗ್ಲಿಷಿನಲ್ಲಿ 'ಲೈಮ್' ಆಗಿ ನಿಂತಿತೆಂದು ಭಾಷಾಶಾಸ್ತ್ರಜ್ಞರು ಅದರ ಹೆಜ್ಜೆಗುರುತನ್ನು ಹಿಡಿದಿದ್ದಾರೆ. ಕಬ್ಬಿನ ರಸವನ್ನು ಕಾಯಿಸಿ ಹರಳುಗಟ್ಟಿಸುವ ವಿದ್ಯೆ ಭಾರತದ್ದು. ನಮ್ಮ ಶರ್ಕರೆಯೇ ಯುರೋಪಿನ ನಾಲಗೆಗಳ ಮೇಲೆ ಶುಗರ್ ಆಯಿತು. 1493ರಲ್ಲಿ ಕೊಲಂಬಸ್ ತನ್ನ ಎರಡನೆಯ ಯಾನದಲ್ಲಿ ಕಬ್ಬಿನ ತುಂಡುಗಳನ್ನೂ ಲಿಂಬೆ-ಕಿತ್ತಳೆ ಜಾತಿಯ ಬೀಜಗಳನ್ನೂ ಹಡಗಿನಲ್ಲಿ ಕೊಂಡೊಯ್ದ. ಮುಂದಿನದು ಸಿಹಿಯ ಹೆಸರಿನಲ್ಲಿ ನಡೆದ ಕಹಿಯ ಇತಿಹಾಸ. ಆ ದ್ವೀಪಗಳ ಕಬ್ಬಿನ ತೋಟಗಳು ಆಫ್ರಿಕದಿಂದ ಸಂಕೋಲೆ ಹಾಕಿ ತಂದ ಗುಲಾಮರ ಬೆವರಿನಿಂದ ಬೆಳೆದವು. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1886ರಲ್ಲಿ. ಡೈಕಿರಿ ಹುಟ್ಟುವುದಕ್ಕೆ ಹನ್ನೆರಡೇ ವರ್ಷ ಮೊದಲು. ಸಕ್ಕರೆ ತೆಗೆದ ಮೇಲೆ ಉಳಿಯುವ ಕರಿಯ ಪಾಕವನ್ನು ಈ ಕಡೆ ಕಾಕಂಬಿ ಎನ್ನುತ್ತಾರೆ. ಅದನ್ನು ಹುಳಿಯಿಸಿ ಭಟ್ಟಿ ಇಳಿಸಿದರೆ ರಮ್.

ಇನ್ನೊಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ಮದ್ಯ, ಸಕ್ಕರೆ, ಲಿಂಬೆ, ನೀರು, ಸಾಂಬಾರ ಪದಾರ್ಥ ಈ ಐದನ್ನು ಬೆರೆಸಿದ 'ಪಂಚ್' ಎಂಬ ಪಾನೀಯವನ್ನು ಇಂಗ್ಲಿಷರು ಕಲಿತದ್ದು ಹಿಂದೂಸ್ಥಾನದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ. ಆ ಹೆಸರು ನಮ್ಮ ಪಂಚದಿಂದಲೇ ಬಂತೆಂಬುದು ಬಹುಜನರು ಒಪ್ಪಿದ ಅಭಿಪ್ರಾಯ. ಕಂಪನಿಯ ನೌಕರನೊಬ್ಬನು 1632ರಲ್ಲಿ ಬರೆದ ಪತ್ರದಲ್ಲಿ ಅದರ ಉಲ್ಲೇಖ ಮೊದಲು ದೊರೆಯುತ್ತದೆ. ಕಂಪನಿಯ ನಾವಿಕರೊಂದಿಗೆ ಪಂಚ್ ಇಂಗ್ಲೆಂಡಿಗೂ ಅಲ್ಲಿಂದ ಪಡುವಣ ದ್ವೀಪಗಳಿಗೂ ಹೋಯಿತು. ಐದರಲ್ಲಿ ಸಾಂಬಾರವನ್ನು ಕಳೆದು, ನೀರನ್ನು ಮಂಜುಗಡ್ಡೆಯ ಕೈಗೆ ಒಪ್ಪಿಸಿದರೆ ಉಳಿಯುವುದು ಮೂರು. ಈ ಲೆಕ್ಕದಲ್ಲಿ ಡೈಕಿರಿಯು ಪಂಚದ ಮೊಮ್ಮಗಳೇ ಸರಿ. ನಾನೂರು ವರ್ಷದ ಹಿಂದೆ ಈ ದೇಶದ ದಡ ಬಿಟ್ಟು ಹೋದ ಮಗಳ ಸಂತಾನ ಬೇರೆ ವೇಷದಲ್ಲಿ ತವರಿಗೆ ಬಂದಂತೆ ಇದು.

ಮಗನ ಕಥೆ ಮುಗಿಯಿತು. ತಾಯಿ ನಾಲ್ಕು ಹಣ್ಣನ್ನೇನೋ ಎತ್ತಿಕೊಟ್ಟಳು, ಆದರೆ ಒಂದು ಮಾತನ್ನು ಜೊತೆಗೆ ಕೊಟ್ಟಳು: "ಮಾಡೋದಾದ್ರ ನನ್ನ ಮುಂದ ಮಾಡ. ಹಿಂದ ಮಾಡಬ್ಯಾಡ."

ಮಾಡುವ ರೀತಿ ಸರಳವಾಗಿದೆ. ಸರಳವಾದದ್ದರಿಂದಲೇ ತಪ್ಪುವುದು ಸುಲಭ. ಒಬ್ಬರಿಗೆ ಸಾಕಾಗುವ ಪ್ರಮಾಣ ಇದು: ಬಿಳಿಯ ರಮ್ 60 ಮಿಲಿಲೀಟರ್, ಆಗಲೇ ಹಿಂಡಿದ ಲಿಂಬೆಯ ರಸ 20 ಮಿಲಿಲೀಟರ್, ನುಣ್ಣಗೆ ಪುಡಿಮಾಡಿದ ಸಕ್ಕರೆ ಎರಡು ಸಣ್ಣ ಚಮಚ. ಇಂಡಿಯ ಲಿಂಬೆಯಾದರೆ ಎರಡು ಹಣ್ಣಿನಿಂದ ಅಷ್ಟು ರಸ ದೊರೆಯುತ್ತದೆ. ಹಣ್ಣನ್ನು ಕೊಯ್ಯುವ ಮೊದಲು ಅಂಗೈಯಿಂದ ಒತ್ತಿ ಹಲಗೆಯ ಮೇಲೆ ಉರುಳಿಸಿದರೆ ಒಳಗಿನ ತೊಳೆ ಸಡಿಲವಾಗಿ ರಸ ಸರಾಗವಾಗಿ ಇಳಿಯುತ್ತದೆ. ಆದರೆ ಕೊನೆಯ ಹನಿಯ ಆಸೆಗೆ ಸಿಪ್ಪೆಯನ್ನು ಹಿಸುಕಬಾರದು. ಅದರೊಳಗಿನ ಕಹಿಯೆಲ್ಲ ರಸಕ್ಕಿಳಿಯುತ್ತದೆ. ಮುಂಜಾನೆ ಹಿಂಡಿಟ್ಟ ರಸವನ್ನು ಸಂಜೆಗೆ ಬಳಸುವುದೂ ತಪ್ಪು. ಹಣ್ಣಿನ ಪರಿಮಳ ಗಾಳಿಗೆ ಹೋಗಿ ಬರಿಯ ಹುಳಿ ಉಳಿದಿರುತ್ತದೆ. ಬಾಟಲಿಯಲ್ಲಿ ಮಾರುವ ರಸದ ಮಾತಂತೂ ಲಿಂಬೆಯ ಸೀಮೆಯಲ್ಲಿ ಆಡತಕ್ಕದ್ದಲ್ಲ.

ಮೊದಲು ರಸದಲ್ಲಿ ಸಕ್ಕರೆಯನ್ನು ಪೂರ್ತಿ ಕರಗಿಸಬೇಕು. ಈ ಕ್ರಮಕ್ಕೆ ಕಾರಣವುಂಟು. ಸಕ್ಕರೆ ನೀರಿನಂಶದಲ್ಲಿ ಕರಗುವಷ್ಟು ಸುಲಭವಾಗಿ ಮದ್ಯದಲ್ಲಿ ಕರಗದು. ತಣ್ಣಗಾದ ಮೇಲೆ ಇನ್ನೂ ಕಷ್ಟ. ಮೊದಲೇ ಮೂರನ್ನೂ ಕೂಡಿಸಿದರೆ ಮೇಲೆ ಹುಳಿ, ತಳದಲ್ಲಿ ಸಕ್ಕರೆಯ ಕೆಸರು. ಸಕ್ಕರೆ ಕರಗಿದ ಮೇಲೆ ರಮ್ ಸೇರಿಸಿ, ಪಾತ್ರೆಯ ತುಂಬ ಮಂಜುಗಡ್ಡೆಯನ್ನು ಹಾಕಿ, ಮುಚ್ಚಳವನ್ನು ಭದ್ರಪಡಿಸಿ, ಹತ್ತು-ಹನ್ನೆರಡು ಎಣಿಸುವವರೆಗೆ ಜೋರಾಗಿ ಅಲುಗಿಸಬೇಕು. ಪಾನಗೃಹದವರ ಬೆಳ್ಳಿಬಣ್ಣದ ಪಾತ್ರೆಯೇ ಬೇಕೆಂದಿಲ್ಲ. ಬಿಗಿಮುಚ್ಚಳದ ಸ್ಟೀಲ್ ಡಬ್ಬಿ ಸಾಕು. ಹೊರಮೈಗೆ ಮಂಜಿನ ಹೊದಿಕೆ ಮೂಡಿ ಬೆರಳು ಜುಮ್ಮೆಂದಾಗ ಹದ ಬಂತೆಂದು ತಿಳಿಯಬೇಕು. ಅಲುಗಿಸುವುದು ತಣಿಸುವುದಕ್ಕೆ ಮಾತ್ರವಲ್ಲ. ಕರಗಿದ ಮಂಜಿನ ನೀರು ಸೇರಿ ಮದ್ಯದ ಉರಿಯೂ ಹುಳಿಯ ಚುರುಕೂ ತಗ್ಗುತ್ತವೆ. ಅಳತೆಯ ಪಟ್ಟಿಯಲ್ಲಿ ಹೆಸರಿಲ್ಲದ ನಾಲ್ಕನೆಯ ಪದಾರ್ಥ ಈ ನೀರು. ಕೊನೆಗೆ ಚಹಾದ ಸೋಸಣಿಗೆಯಿಂದ ಸೋಸಿ, ಮೊದಲೇ ತಣ್ಣಗೆ ಮಾಡಿಟ್ಟ ಲೋಟಕ್ಕೆ ಸುರಿದರೆ ಡೈಕಿರಿ ಸಿದ್ಧ. ಬಣ್ಣ ಬೆಳುದಿಂಗಳಂತೆ ಮಬ್ಬು ಬಿಳುಪು. ಮೇಲೆ ತೆಳುವಾದ ನೊರೆ.

ಅದನ್ನು ಕುಡಿಯುವವರಿಗೆ ಒಂದು ಎಚ್ಚರಿಕೆ ಅಗತ್ಯ. ಲಿಂಬೆಯೂ ಸಕ್ಕರೆಯೂ ಸೇರಿ ಮದ್ಯದ ಖಾರವನ್ನು ಮರೆಮಾಡುತ್ತವೆ, ಅದರ ಬಲವನ್ನಲ್ಲ. ಶರಬತ್ತಿನಂತೆ ಗಟಗಟನೆ ಇಳಿದರೂ ಅದರೊಳಗಿರುವುದು ಪೂರ್ತಿ 60 ಮಿಲಿಲೀಟರ್ ರಮ್. ನಾಲಗೆಗೆ ಗೊತ್ತಾಗದ ಲೆಕ್ಕ ತಲೆಗೆ ಗೊತ್ತಾಗುವಾಗ ಹೊತ್ತು ಮೀರಿರುತ್ತದೆ.

ಮಗನ ಕೈಚಳಕವನ್ನು ತಾಯಿ ಒಂದು ಮಾತೂ ಆಡದೆ ನೋಡುತ್ತಿದ್ದಳು. ಅವನು ಡಬ್ಬಿ ಅಲುಗಿಸುವುದನ್ನು ಕಂಡು ಅವಳ ತುಟಿಯಂಚಿನಲ್ಲಿ ನಗು ಸುಳಿಯಿತು. ಮಜ್ಜಿಗೆ ಕಡೆದವಳಿಗೆ ಅದೇನು ಹೊಸದೆ? ಆಮೇಲೆ ಅವಳೂ ಎದ್ದಳು. ತಂಬಿಗೆಯಲ್ಲಿ ಮಣ್ಣಿನ ಗಡಿಗೆಯ ತಣ್ಣೀರು ತುಂಬಿಕೊಂಡಳು, ಬೆಲ್ಲ ಕುಟ್ಟಿ ಹಾಕಿದಳು. ಬೆಲ್ಲ ಕರಗುವವರೆಗೆ ಲಿಂಬೆ ಹಿಂಡಲಿಲ್ಲ. ಮೊದಲು ಸಿಹಿ ಕರಗಬೇಕು, ಹುಳಿಯೂ ಸಿಹಿಯೂ ಒಂದಾದ ಮೇಲೆ ಉಳಿದದ್ದು ಸೇರಬೇಕು ಎಂಬ ಸೂತ್ರವನ್ನು ಅವಳು ಯಾವ ಪುಸ್ತಕದಿಂದಲೂ ಕಲಿತವಳಲ್ಲ. ಏಲಕ್ಕಿಯ ಪುಡಿ, ಒಣಶುಂಠಿ, ಒಂದು ಚಿಟಿಕೆ ಉಪ್ಪು. ಸೆರಗಿನಿಂದ ಕೈ ಒರೆಸಿ, ಬೆರಳ ತುದಿಯಿಂದ ಒಂದು ಹನಿ ನಾಲಗೆಗೆ ಮುಟ್ಟಿಸಿ, ಇನ್ನರ್ಧ ಹಣ್ಣು ಹಿಂಡಿದಳು. ಪಾನಕ ಸಿದ್ಧವಾಯಿತು.

ಈ ವಿದ್ಯೆಯೂ ನಿನ್ನೆ ಮೊನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅನ್ನದ ಭೋಗದಂತೆ ಪಾನೀಯದ ಭೋಗಕ್ಕೂ ಸ್ಥಾನವಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಯುಗಾದಿಯ ಬೇವು ಇಂದಿಗೂ ಕುಡಿಯುವ ಪದಾರ್ಥವೇ. ಬೆಲ್ಲ, ಹುಣಿಸೆ, ಮಾವಿನಕಾಯಿ, ಪುಟಾಣಿಯ ಹಿಟ್ಟು, ಬೇವಿನ ಹೂ ಎಲ್ಲ ಕೂಡಿ ಸಿಹಿ-ಹುಳಿ-ಕಹಿಗಳು ಒಂದೇ ಬಟ್ಟಲಲ್ಲಿ ಒಪ್ಪಂದಕ್ಕೆ ಬರುತ್ತವೆ. ಹದವೆಂಬುದು ಈ ನೆಲದಲ್ಲಿ ಹಬ್ಬದ ಮೊದಲ ಪಾಠ.

ಹಾಗಿದ್ದರೆ ತಾಯಿಯ ಕೈ ಹಣ್ಣಿನ ರಾಶಿಯ ಮೇಲೆ ನಿಂತದ್ದೇಕೆ? ಅದಕ್ಕೂ ಚರಿತ್ರೆಯಿದೆ. ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ 1949ರ ಪಾನನಿರೋಧ ಕಾಯಿದೆ ಇಲ್ಲಿಗೂ ಅನ್ವಯಿಸಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಕನ್ನಡ ನಾಡಿನೊಂದಿಗೆ ಕೂಡಿತು. 1960ರ ದಶಕದಲ್ಲಿ ಪಾನನಿರೋಧ ತೆರವಾಯಿತು. ಅಂಗಡಿಗಳು ತೆರೆದವು. ದುಡಿದ ಕೂಲಿ ಮನೆಗೆ ಬರುವ ದಾರಿಯಲ್ಲೇ ಕರಗುವುದನ್ನು ಹೆಂಗಸರು ಕಂಡರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಕುಡಿತ ನಿಲ್ಲಲಿಲ್ಲ, ಬಾಟಲಿಯ ಚೀಟಿ ಬದಲಾಯಿತು. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯನಿಷೇಧವನ್ನು ಕೋರಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು 200 ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಹೋದರು. ಇವರ ಅನುಭವದ ಮುಂದೆ ಹವಾನಾದ ಕೀರ್ತಿಯನ್ನು ಹೇಳಿ ಪ್ರಯೋಜನವಿಲ್ಲ. ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಬಳಗದಲ್ಲಿ ಹೆಂಡದ ಮಾರಯ್ಯನೆಂಬ ಶರಣನಿದ್ದ. ಹೆಂಡ ಮಾರುವುದು ಅವನ ಕಾಯಕ. ಆ ಕಾಯಕದವನಿಗೂ ಶರಣರ ನಡುವೆ ಪೀಠ ದೊರೆಯಿತು. ಆದರೆ ಅವನ ಹೆಸರನ್ನು ನೆನೆದು ಕುಡಿತವನ್ನು ಸಮರ್ಥಿಸಿಕೊಂಡರೆ ಅದು ಶರಣರ ಮಾತಾಗದು.

ಮಗ ತಾಯಿಗೆ ವಾದ ಹೂಡಲಿಲ್ಲ. ಕರ್ನಾಟಕದಲ್ಲೇ ಬೆಲ್ಲದಿಂದ ಇಳಿಸಿದ ಮದ್ಯವನ್ನು ಪಡುವಣ ದ್ವೀಪಗಳ ರಮ್ಮಿನೊಂದಿಗೆ ಬೆರೆಸಿ ಮಾರುವ ಕಾರ್ಖಾನೆಯಿದೆಯೆಂದು, ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 1948ರಿಂದ ನಡೆದುಬಂದ ಸಂಸ್ಥೆಯೆಂದು ಹೇಳಬಹುದಾಗಿತ್ತು, ಹೇಳಲಿಲ್ಲ. ತನ್ನ ಲೋಟವನ್ನು ಪಕ್ಕಕ್ಕಿಟ್ಟು ತಾಯಿಯ ಪಾನಕವನ್ನು ಮೊದಲು ಕುಡಿದ. ಆಗ ಅಷ್ಟು ಹೊತ್ತು ಮೌನವಾಗಿದ್ದ ತಂದೆ ಕೇಳಿದ:

"ತಮ್ಮಾ, ಬೆಂಗಳೂರಾಗ ಇದಕ್ಕ ಎಷ್ಟ ತಗೋತಾರ?"

"ದೊಡ್ಡ ಹೋಟೆಲ್ದಾಗ ಐದುನೂರು ರೂಪಾಯಿ ಮ್ಯಾಲೇ ಆಗತೈತಿ ಅಪ್ಪಾ."

"ಲಿಂಬಿ ಎಷ್ಟ ಹಾಕ್ತಾರ?"

"ಎರಡ."

ತಂದೆ ಕಟ್ಟಿದ್ದ ಚೀಲದ ಕಡೆ ನೋಡಿದ. "ಹಂಗಾರ ನಮ್ಮ ಲಿಂಬಿಗಿ ಅದರಾಗ ಎಷ್ಟ ಬಂತು?"

ಈ ಪ್ರಶ್ನೆಗೆ ಉತ್ತರ ಬೇಕಾದರೆ ಲಿಂಬೆಯ ವರ್ಷಚಕ್ರವನ್ನು ತಿಳಿಯಬೇಕು. ಲಿಂಬೆ ವರ್ಷದಲ್ಲಿ ಮೂರು ಸಲ ಹೂವಿಗೆ ಬರುತ್ತದೆ. ಜನವರಿ-ಫೆಬ್ರವರಿಯ ಹೂ ಅಂಬೆ ಬಹಾರ, ಜೂನ್-ಜುಲೈಯದು ಮೃಗ ಬಹಾರ, ಸೆಪ್ಟೆಂಬರ್-ಅಕ್ಟೋಬರದ್ದು ಹಸ್ತ ಬಹಾರ. ಹೂ ಹಣ್ಣಾಗಲು ಸುಮಾರು ಐದು-ಆರು ತಿಂಗಳು. ಅಂಬೆ ಬಹಾರದ ಹಣ್ಣು ಸುರಿಯುವುದು ಮಳೆಗಾಲದಲ್ಲಿ. ಆಗ ಶರಬತ್ತಿನ ಗಿರಾಕಿ ಕಡಿಮೆ, ಹಣ್ಣಿನ ರಾಶಿ ಹೆಚ್ಚು, ಬೆಲೆ ನೆಲಕ್ಕೆ. ಬೇಸಗೆಯಲ್ಲಿ ಹಣ್ಣು ಬೇಕಾದರೆ ಹಸ್ತ ಬಹಾರವನ್ನೇ ಹಿಡಿಯಬೇಕು. ಅದು ಸುಲಭದ ಕೆಲಸವಲ್ಲ. ಗಿಡಕ್ಕೆ ಹೂ ಬರಿಸಲು ಕೆಲವು ವಾರ ನೀರು ತಪ್ಪಿಸಿ ಬಾಡಿಸಬೇಕು. ಆಮೇಲೆ ಗೊಬ್ಬರ ಕೊಟ್ಟು ನೀರು ಬಿಡಬೇಕು. ಆದರೆ ಹಸ್ತ ಬಹಾರಕ್ಕೆ ಗಿಡ ಬಾಡಬೇಕಾದ ಹೊತ್ತಿನಲ್ಲೇ ಈ ಸೀಮೆಗೆ ಮಳೆ ಬೀಳುವುದು. ವರುಣನಿಗೂ ಒಕ್ಕಲಿಗನಿಗೂ ಇಲ್ಲಿ ಕೂಡಿಬರುವುದು ಅಪರೂಪ. ಹೂ ನಿಂತ ಮೇಲೆ ಚಳಿಗಾಲ, ಬೇಸಗೆ ಎರಡನ್ನೂ ದಾಟುವವರೆಗೆ ನೀರು ತಪ್ಪುವಂತಿಲ್ಲ. ಆ ಹೊತ್ತಿಗೆ ಕೊಳವೆಬಾವಿ ಬತ್ತಲು ತೊಡಗಿರುತ್ತದೆ. ಬರಗಾಲ ಬಂದಾಗ ಟ್ಯಾಂಕರಿನ ನೀರು ಕೊಂಡು ಗಿಡ ಉಳಿಸಿಕೊಂಡವರಿದ್ದಾರೆ. ಉಳಿಸಿಕೊಳ್ಳಲಾರದೆ ಹತ್ತು-ಹದಿನೈದು ವರ್ಷದ ಗಿಡಗಳನ್ನು ಕೊಡಲಿಗೆ ಕೊಟ್ಟವರೂ ಇದ್ದಾರೆ. ನೆಟ್ಟ ಗಿಡ ಫಲ ಕೊಡಲು ಮೂರು-ನಾಲ್ಕು ವರ್ಷ ಬೇಕು. ಕಡಿಯಲು ಒಂದು ಮುಂಜಾನೆ ಸಾಕು.

ಮಾರುಕಟ್ಟೆಯಲ್ಲಿ ಲಿಂಬೆಯ ಲೆಕ್ಕ ಸಾವಿರದ್ದು. ಚೀಲ ಬಿಚ್ಚುವ ಮುಂಚೆಯೇ ದರದ ಕೂಗು ಏಳುತ್ತದೆ. ಬಿರುಬೇಸಗೆಯಲ್ಲಿ ಒಂದೊಂದು ಹಣ್ಣೂ ಹಲವು ರೂಪಾಯಿ ತರುತ್ತದೆ. ಮಳೆಗಾಲದ ಕೆಲವು ದಿನಗಳಲ್ಲಿ ಕೀಳುವ ಕೂಲಿ, ಚೀಲ, ಬಾಡಿಗೆ ಕಳೆದರೆ ಕೈಯಲ್ಲಿ ಏನೂ ಉಳಿಯದು. ಅಂಥ ದಿನ ಹಣ್ಣು ಗಿಡದ ಬುಡದಲ್ಲೇ ಉದುರಿ ಹಳದಿಯ ಹಾಸಿಗೆಯಾಗುತ್ತದೆ. ನೋಡುವ ಪ್ರವಾಸಿಗೆ ಅದು ಚೆಲುವು, ಬೆಳೆದವನಿಗೆ ಕಣ್ಣುರಿ. ತಂದೆಯ ಪ್ರಶ್ನೆಗೆ ಉತ್ತರ ಇಷ್ಟೆ: ಐದುನೂರರ ಲೋಟದಲ್ಲಿ ಪರಿಮಳವೆಲ್ಲ ಅವನದು, ಬೆಲೆಯಲ್ಲಿ ಅವನ ಪಾಲು ಬಿಡಿಗಾಸು.

ಬೆಳಕೇ ಇಲ್ಲವೆಂದಲ್ಲ. ಲಿಂಬೆ ಬೆಳೆಗಾರರ ಹಿತಕ್ಕಾಗಿ ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿ ಇಂಡಿಯಲ್ಲಿ ಸ್ಥಾಪನೆಯಾಗಿದೆ. 'ಇಂಡಿ ಲಿಂಬೆ' ಎಂಬ ಹೆಸರಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಬೇರೆ ಸೀಮೆಯ ಹಣ್ಣು ಆ ಹೆಸರನ್ನು ಹೊತ್ತು ಮಾರಾಟವಾಗುವಂತಿಲ್ಲ. 2025ರಲ್ಲಿ ಈ ಮುದ್ರೆ ಹೊತ್ತ ಲಿಂಬೆ ಅರಬ್ ಸಂಯುಕ್ತ ಸಂಸ್ಥಾನಕ್ಕೆ ರಫ್ತಾಯಿತು. ಒಂದಾನೊಂದು ಕಾಲಕ್ಕೆ ಅರಬರ ಕೈಹಿಡಿದು ಪಡುವಣಕ್ಕೆ ನಡೆದ ಹಣ್ಣು ಮತ್ತೆ ಅದೇ ದಾರಿಯಲ್ಲಿ ಹೊರಟಿದೆ. ಈ ಸಲ ತನ್ನ ಊರಿನ ಹೆಸರನ್ನು ಜೊತೆಗೆ ಕಟ್ಟಿಕೊಂಡು ಹೊರಟಿದೆ. ಕಳೆದ ಸಲ ಊರಿನ ಹೆಸರು ದಾರಿಯಲ್ಲೇ ಬಿದ್ದುಹೋಗಿತ್ತು. ಕ್ಯೂಬಾದ ಒಂದು ಪುಟ್ಟ ಊರಿನ ಹೆಸರು ಲೋಕದ ನಾಲಗೆಯ ಮೇಲೆ ನಿಂತಿತು, ಹಣ್ಣು ಬೆಳೆದ ನೆಲದ ಹೆಸರು ಯಾರಿಗೂ ಬೇಕಾಗಲಿಲ್ಲ.

ಹಲಸಂಗಿಯ ಗೆಳೆಯರು ಹಾಡಿಗೆ ಮಾಡಿದ್ದೂ ಇದನ್ನೇ ಅಲ್ಲವೆ? ಹಾಡು ಅವರು ಕಟ್ಟಿದ್ದಲ್ಲ. ಹಾಡಿದವರ ಕಡೆಗೆ ಬೆರಳು ಮಾಡಿ, ಇದು ಇಲ್ಲಿಯದು ಎಂದು ನಾಡಿಗೆ ತೋರಿಸಿದರು. ಲಿಂಬೆಗೂ ಅಂಥ ಗೆಳೆಯರು ಬೇಕಾಗಿದ್ದಾರೆ. ಮಳೆಗಾಲದಲ್ಲಿ ಉದುರುವ ಹಣ್ಣನ್ನು ರಸವಾಗಿ, ಉಪ್ಪಿನಕಾಯಾಗಿ, ಪಾನಕದ ಪಾಕವಾಗಿ ಕಾಪಾಡಿ ಬೇಸಗೆಗೆ ದಾಟಿಸುವ ಕಾರ್ಖಾನೆಗಳು ಊರೂರ ಸಮೀಪದಲ್ಲಿದ್ದರೆ ತಂದೆಯ ಪ್ರಶ್ನೆಗೆ ಇನ್ನೂ ಒಳ್ಳೆಯ ಉತ್ತರ ಸಿಕ್ಕೀತು. ಅದಕ್ಕೆ ರಮ್ಮಿನ ಹಂಗು ಬೇಕಿಲ್ಲ. ತಾಯಿಯ ತಂಬಿಗೆಯಲ್ಲಿದ್ದದ್ದು ಯಾವ ನಗರದ ಲೋಟಕ್ಕೂ ಕಡಿಮೆಯದಲ್ಲ.

ಹೊತ್ತು ಮುಳುಗಿತು. ಮಗ ತನ್ನ ಲೋಟವನ್ನು ನಿಧಾನವಾಗಿ ಕುಡಿದು ಮುಗಿಸಿದ; ಎರಡನೆಯದನ್ನು ಮಾಡಲಿಲ್ಲ. ತಾಯಿ ಅದನ್ನು ಗಮನಿಸಿದಳು, ಆದರೆ ಆಡಲಿಲ್ಲ. ಮೂರು ತಾಸಿನ ಕರೆಂಟು ಬಂದ ಸದ್ದಾಯಿತು. ತಂದೆ ಕೈಗೊಂದು ಬ್ಯಾಟರಿ ತೆಗೆದುಕೊಂಡು ಗಿಡಕ್ಕೆ ನೀರು ಬಿಡಲು ತೋಟದ ಕಡೆ ನಡೆದ. ಮಗನೂ ಚಪ್ಪಲಿ ಮೆಟ್ಟಿ ಅವನ ಹಿಂದೆ ಹೊರಟ.

ತಾಯಿ ಹಲಗೆಯ ಮೇಲಿದ್ದ ಹಿಂಡಿದ ಹೋಳುಗಳನ್ನೆಲ್ಲ ಬಳಿದು ಕೂಡಿಸಿದಳು. ಅವುಗಳಲ್ಲಿ ಪಾನಕದ ಹೋಳು ಯಾವುದು, ಮಗನ ಲೋಟದ ಹೋಳು ಯಾವುದು ಎಂದು ಬೇರೆ ಮಾಡಲಿಲ್ಲ. ಮೂಲೆಯಲ್ಲಿದ್ದ ಭರಣಿಯ ಮುಚ್ಚಳ ತೆಗೆದು ಎಲ್ಲವನ್ನೂ ಒಳಗೆ ಹಾಕಿ, ಮೇಲೊಂದು ಹಿಡಿ ಉಪ್ಪು ಸುರಿದು, ಬಾಯಿಗೆ ಬಟ್ಟೆ ಕಟ್ಟಿದಳು. ಮಳೆಗಾಲದ ಹೊತ್ತಿಗೆ ಅದು ಉಪ್ಪಿನಕಾಯಿಯಾಗುತ್ತದೆ. ಮಾರುಕಟ್ಟೆಯಲ್ಲಿ ಬೆಲೆ ಏರಲಿ ಇಳಿಯಲಿ, ಆ ಭರಣಿಯೊಳಗೆ ಬಿದ್ದ ಲಿಂಬೆ ಯಾವುದೂ ದಂಡವಾಗುವುದಿಲ್ಲ.